ಸಿರಿಂಜ್ ಹಿಡಿಯುವ ಕೈಗೆ ಕಲಿಸುವವರು ಯಾರು?

ದಿನಕ್ಕೆ ಎರಡರಂತೆ ವರ್ಷಕ್ಕೆ 730 ಚುಚ್ಚುಮದ್ದು. ಸಕ್ಕರೆ ಕಾಯಿಲೆ ಬಂದ ನಾಯಿಗೆ ಸಾಮಾನ್ಯವಾಗಿ ಬೇಕಾಗುವ ಇನ್ಸುಲಿನ್‌ನ ಲೆಕ್ಕ ಇದು. ಇದರಲ್ಲಿ ಪಶುವೈದ್ಯರು ತಮ್ಮ ಕೈಯಾರೆ ಕೊಡುವುದು ಬೆರಳೆಣಿಕೆಯಷ್ಟು ಮಾತ್ರ. ಉಳಿದದ್ದನ್ನೆಲ್ಲ ಕೊಡುವವರು ಸಾಕಿದವರೇ, ಅದೂ ಬೆಳಗ್ಗೆ ಕೆಲಸಕ್ಕೆ ಹೊರಡುವ ಧಾವಂತದಲ್ಲಿ, ರಾತ್ರಿ ದಣಿದು ಬಂದ ಮೇಲೆ, ನೆಂಟರು ಮನೆಯಲ್ಲಿರುವಾಗ, ಕೆಲವೊಮ್ಮೆ ತಮಗೇ ಜ್ವರ ಬಂದಿರುವಾಗ. ವೈದ್ಯರು ಎಷ್ಟೇ ಸರಿಯಾಗಿ ಡೋಸ್ ನಿರ್ಧರಿಸಿದರೂ ಅದು ಪ್ರಾಣಿಯ ಚರ್ಮದಡಿಗೆ ಸರಿಯಾಗಿ ಸೇರುತ್ತದೆಯೇ ಇಲ್ಲವೇ ಎಂಬುದು ತೀರ್ಮಾನವಾಗುವುದು ಮನೆಯಲ್ಲಿ. ಆದ್ದರಿಂದ ಸಾಕಿದವರಿಗೆ ಇದನ್ನೆಲ್ಲ ಕಲಿಸಲು ಪಶುವೈದ್ಯಕೀಯ ನರ್ಸ್‌ಗಳು ನಡೆಸುವ ಡಯಾಬಿಟಿಸ್ ಕ್ಲಿನಿಕ್‌ಗಳನ್ನು ಆಸ್ಪತ್ರೆಯವರು ಪ್ರೀತಿಯಿಂದ ಕೊಡುವ ಹೆಚ್ಚುವರಿ ಸೌಲಭ್ಯವೆಂದು ನೋಡುವ ಕ್ರಮವನ್ನು ನಾನು ಒಪ್ಪುವುದಿಲ್ಲ. ಈ ಕಾಯಿಲೆಯ ಮಟ್ಟಿಗೆ ಚಿಕಿತ್ಸೆಯ ದೊಡ್ಡ ಪಾಲು ನಡೆಯುವುದೇ ಅಲ್ಲಿ.

ಕಾಯಿಲೆ ಗೊತ್ತಾದ ದಿನ ಏನಾಗುತ್ತದೆ ಎಂಬುದನ್ನು ಯೋಚಿಸಿ. ನಾಯಿ ಅತಿಯಾಗಿ ನೀರು ಕುಡಿಯುತ್ತಿದೆ, ಪದೇ ಪದೇ ಮೂತ್ರ ಮಾಡುತ್ತಿದೆ, ಹೊಟ್ಟೆತುಂಬ ತಿಂದರೂ ಇಳಿದುಹೋಗುತ್ತಿದೆ ಎಂದು ಮನೆಯವರು ಕರೆದುಕೊಂಡು ಬಂದಿರುತ್ತಾರೆ. ರಕ್ತ ಮತ್ತು ಮೂತ್ರದ ಪರೀಕ್ಷೆಯಾಗಿ ಸಕ್ಕರೆ ಕಾಯಿಲೆ ಎಂದು ಖಚಿತವಾಗುತ್ತದೆ. ವೈದ್ಯರಿಗೆ ಇರುವ ಕಾಲು ಗಂಟೆಯಲ್ಲಿ ಅವರು ರೋಗವೆಂದರೇನು, ಇನ್ಸುಲಿನ್ ಯಾಕೆ ಬೇಕು, ಎಷ್ಟು ಕೊಡಬೇಕು, ಯಾವಾಗ ಊಟ ಹಾಕಬೇಕು, ಏನಾದರೆ ಓಡಿ ಬರಬೇಕು ಎಂಬುದನ್ನೆಲ್ಲ ಹೇಳಬೇಕು. ಹೇಳುತ್ತಾರೆ ಕೂಡ. ಆದರೆ ಕೇಳುತ್ತಿರುವವರ ತಲೆಯಲ್ಲಿ ‘ಜೀವನಪೂರ್ತಿ ಸೂಜಿ’ ಎಂಬ ಮಾತಿನ ನಂತರದ್ದು ಯಾವುದೂ ಇಳಿದಿರುವುದಿಲ್ಲ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು ಪಶುವೈದ್ಯರ ನಡುವೆ ನಡೆಸಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಸಕ್ಕರೆ ಕಾಯಿಲೆ ಪತ್ತೆಯಾದ ಸಾಕುಪ್ರಾಣಿಗಳಲ್ಲಿ ಸುಮಾರು ಹತ್ತರಲ್ಲಿ ಒಂದಕ್ಕೆ ಆಗಲೇ ದಯಾಮರಣ ಕೊಡಲಾಗುತ್ತದೆ, ಇನ್ನೂ ಅಷ್ಟೇ ಪ್ರಾಣಿಗಳು ಒಂದು ವರ್ಷದೊಳಗೆ ಅದೇ ದಾರಿ ಹಿಡಿಯುತ್ತವೆ ಎಂಬ ಅಂದಾಜು ಬಂದಿತ್ತು. ಖರ್ಚು, ಜೊತೆಗಿರುವ ಬೇರೆ ಕಾಯಿಲೆ, ವಯಸ್ಸು ಇವೆಲ್ಲ ಕಾರಣಗಳೇ. ಆದರೆ ‘ಇದು ನನ್ನಿಂದ ಆಗುವ ಕೆಲಸವಲ್ಲ’ ಎಂಬ ಭಯಕ್ಕೂ ಅದರಲ್ಲಿ ಪಾಲಿದೆ, ಮತ್ತು ಕಲಿಸಿ ಹೋಗಲಾಡಿಸಬಹುದಾದ ಕಾರಣ ಅದೊಂದೇ ಇರಬಹುದು.

ಬಂಧುವೊಬ್ಬರ ಜೊತೆ ಹೋಗಿದ್ದಾಗ ಇಂಥ ಒಂದು ಕ್ಲಿನಿಕ್‌ನಲ್ಲಿ ಕುಳಿತು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಅವರ ಬೆಕ್ಕಿನ ಸಕ್ಕರೆ ಇಳಿಯುತ್ತಿರಲಿಲ್ಲ, ಡೋಸನ್ನು ಆಗಲೇ ಒಮ್ಮೆ ಏರಿಸಿಯಾಗಿತ್ತು. ನರ್ಸ್ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಸಿರಿಂಜ್‌ಗೆ ಸಲೈನ್ ತುಂಬಲು ಕೊಟ್ಟು, “ಮನೆಯಲ್ಲಿ ಹೇಗೆ ಕೊಡುತ್ತೀರೋ ಹಾಗೆಯೇ ಒಮ್ಮೆ ಕೊಡಿ, ನಾನು ಸುಮ್ಮನೆ ನೋಡುತ್ತೇನೆ” ಎಂದರು. ನಮ್ಮವರು ಬೆಕ್ಕಿನ ಬೆನ್ನಿನ ಚರ್ಮವನ್ನು ಎತ್ತಿ ಹಿಡಿದು, ಅದಕ್ಕೆ ನೋವಾಗದಿರಲಿ ಎಂದು ಕಣ್ಣು ಅರೆಮುಚ್ಚಿ, ಸರಕ್ಕನೆ ಚುಚ್ಚಿ ಒತ್ತಿದರು. ನರ್ಸ್ ಬೆಕ್ಕಿನ ಮೈಯ ಇನ್ನೊಂದು ಬದಿಗೆ ಎರಡು ಬೆರಳಿಟ್ಟು, ಆ ಬೆರಳುಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. ಒದ್ದೆಯಾಗಿದ್ದವು. ಎತ್ತಿದ ಚರ್ಮದ ಮಡಿಕೆಯ ಒಂದು ಬದಿಯಿಂದ ಹೊಕ್ಕ ಸೂಜಿ ಇನ್ನೊಂದು ಬದಿಯಿಂದ ಹೊರಬಂದು ಔಷಧವೆಲ್ಲ ರೋಮಕ್ಕೆ ಸುರಿದಿತ್ತು. ಆ ಮೇಲೆ ಅವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಡಿಕೆಯ ಬುಡದಲ್ಲಿ, ಮೈಗೆ ಸಮಾನಾಂತರವಾಗಿ ಸೂಜಿ ಹೋಗುವಂತೆ ಕೈಯ ಕೋನವನ್ನು ತಿದ್ದಿ, ಮತ್ತೆ ಮತ್ತೆ ಮಾಡಿಸಿದರು. ‘ಸರಿಯಾಗಿ ಕೊಡುತ್ತಿದ್ದೀರಾ’ ಎಂದು ಕೇಳಿದ್ದರೆ ‘ಹೌದು’ ಎಂಬ ಉತ್ತರವೇ ಬರುತ್ತಿತ್ತು, ಅದು ಸುಳ್ಳೂ ಆಗಿರುತ್ತಿರಲಿಲ್ಲ. ಆ ಪ್ರಶ್ನೋತ್ತರವನ್ನು ನಂಬಿ ಡೋಸ್ ಇನ್ನಷ್ಟು ಏರಿಸಿದ್ದರೆ, ಸೂಜಿ ಅಕಸ್ಮಾತ್ ಸರಿಯಾಗಿ ಹೊಕ್ಕ ಒಂದು ದಿನ ಆ ಬೆಕ್ಕಿನ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತಿತ್ತು.

ಕೈಚಳಕದ ತೊಂದರೆ ಕಣ್ಣಿಗೆ ಬೀಳುತ್ತದೆ. ಸಿರಿಂಜ್‌ನ ತೊಂದರೆ ಅಷ್ಟು ಸುಲಭವಾಗಿ ಬೀಳುವುದಿಲ್ಲ. ಪ್ರಾಣಿಗಳಿಗೆಂದೇ ತಯಾರಾಗುವ ಕ್ಯಾನಿನ್ಸುಲಿನ್, ಪ್ರೋಜಿಂಕ್‌ನಂಥ ಇನ್ಸುಲಿನ್‌ಗಳಲ್ಲಿ ಒಂದು ಮಿಲಿಲೀಟರ್‌ಗೆ 40 ಯೂನಿಟ್ ಇರುತ್ತದೆ. ಮನುಷ್ಯರ ಇನ್ಸುಲಿನ್‌ಗಳಲ್ಲಿ ಸಾಮಾನ್ಯವಾಗಿ 100 ಯೂನಿಟ್. ಸಿರಿಂಜ್‌ಗಳೂ ಹಾಗೆಯೇ, ಯು-40 ಮತ್ತು ಯು-100 ಎಂದು ಬೇರೆ ಬೇರೆ. 40 ಯೂನಿಟ್‌ನ ಇನ್ಸುಲಿನ್ನನ್ನು ಯು-100 ಸಿರಿಂಜ್‌ನಲ್ಲಿ ಎಳೆದರೆ ಪ್ರಾಣಿಗೆ ಸೇರುವುದು ಹೇಳಿದ ಡೋಸಿನ ಐದರಲ್ಲಿ ಎರಡು ಪಾಲು ಮಾತ್ರ. ತಿರುಗುಮುರುಗಾದರೆ ಎರಡೂವರೆ ಪಟ್ಟು. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದು, ನಾಯಿಯ ಸಿರಿಂಜ್ ಮುಗಿದ ದಿನ ಅವರ ಡಬ್ಬಿಯಿಂದ ಒಂದನ್ನು ತೆಗೆದುಕೊಂಡರೆ ಈ ಎಡವಟ್ಟು ನಡೆದೇಹೋಗುತ್ತದೆ, ಯಾರಿಗೂ ತಿಳಿಯುವುದೂ ಇಲ್ಲ. ನರ್ಸ್‌ಗಳು ‘ಬರುವಾಗ ಇನ್ಸುಲಿನ್ ಬಾಟಲಿಯನ್ನೂ ಸಿರಿಂಜ್‌ಗಳನ್ನೂ ತನ್ನಿ’ ಎಂದು ಒತ್ತಾಯಿಸುವುದು ಇದಕ್ಕೇ. ಬಾಟಲಿ ಕೈಗೆ ಬಂದರೆ ಅದನ್ನು ತೆರೆದು ಎಷ್ಟು ಕಾಲವಾಯಿತು, ಅದು ಫ್ರಿಜ್‌ನೊಳಗೆ ಎಲ್ಲಾದರೂ ಹೆಪ್ಪುಗಟ್ಟಿತ್ತೇ, ಬಳಸುವ ಮುನ್ನ ಅದನ್ನು ಕಲಕುವ ಕ್ರಮ ಸರಿಯಿದೆಯೇ ಎಂಬುದೂ ಹೊರಬರುತ್ತದೆ. ಕಲಕುವ ಕ್ರಮವೂ ಎಲ್ಲ ಇನ್ಸುಲಿನ್‌ಗಳಿಗೆ ಒಂದೇ ಅಲ್ಲ. ಕೆಲವನ್ನು ಚೆನ್ನಾಗಿ ಅಲ್ಲಾಡಿಸಬೇಕು, ಕೆಲವನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಇಂಥದ್ದನ್ನೆಲ್ಲ ಮೊದಲ ಭೇಟಿಯ ಕಾಲು ಗಂಟೆಯಲ್ಲಿ ತುರುಕಿದರೆ ಯಾರ ನೆನಪಿನಲ್ಲಿ ನಿಂತೀತು?

ಬೆಕ್ಕುಗಳದ್ದು ಇನ್ನೊಂದು ಫಜೀತಿ. ಆಸ್ಪತ್ರೆಗೆ ಬಂದ ಗಾಬರಿಗೇ ಬೆಕ್ಕಿನ ರಕ್ತದ ಸಕ್ಕರೆ ಏರುತ್ತದೆ. ಹಾಗಾಗಿ ಅಲ್ಲಿ ತೆಗೆದ ಒಂದು ಅಂಕಿಯನ್ನು ನಂಬಿ ಏನನ್ನೂ ತೀರ್ಮಾನಿಸಲಾಗದು. ಕಳೆದ ಎರಡು ಮೂರು ವಾರಗಳ ಸರಾಸರಿಯ ಅಂದಾಜು ಕೊಡುವ ಫ್ರಕ್ಟೋಸಮೈನ್ ಪರೀಕ್ಷೆ ಸ್ವಲ್ಪ ನೆರವಾಗುತ್ತದೆಯಾದರೂ, ದಿನದೊಳಗಿನ ಏರಿಳಿತವನ್ನು ಅದು ತೋರಿಸದು. ಅದಕ್ಕೆ ಮನೆಯಲ್ಲೇ, ಬೆಕ್ಕು ತನ್ನ ಜಾಗದಲ್ಲಿ ನೆಮ್ಮದಿಯಾಗಿರುವಾಗ, ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಗ್ಲೂಕೋಮೀಟರ್‌ನಲ್ಲಿ ನೋಡಬೇಕು, ಇಲ್ಲವೇ ಮೈಗೆ ಅಂಟಿಸುವ ಸೆನ್ಸರ್ ಹಾಕಿಸಬೇಕು. ಮನುಷ್ಯರಿಗಾಗಿ ಮಾಡಿದ ಫ್ರೀಸ್ಟೈಲ್ ಲಿಬ್ರೆ ಸೆನ್ಸರ್ ಸುಮಾರು ಎರಡು ವಾರಗಳವರೆಗೆ ಕೆಲಸ ಮಾಡುವಂಥದ್ದು, ಪ್ರಾಣಿಗಳ ಮೈಮೇಲೆ ಅದು ಮೊದಲೇ ಕಳಚಿ ಬೀಳುವುದೂ ಉಂಟು. ಕಿವಿಯನ್ನು ಮೊದಲು ಬೆಚ್ಚಗೆ ಮಾಡಿಕೊಳ್ಳುವುದು, ಹಿಂದೆ ಹತ್ತಿಯ ಉಂಡೆ ಹಿಡಿದು ಚುಚ್ಚುವುದು, ಚುಚ್ಚಿದ ಮೇಲೆ ಒತ್ತಿ ಹಿಡಿಯುವುದು, ಆಮೇಲೆ ಬೆಕ್ಕಿಗೆ ಏನಾದರೂ ಆಮಿಷ ಕೊಟ್ಟು ಸಮಾಧಾನಪಡಿಸುವುದು, ಇವು ಪುಸ್ತಕ ಓದಿ ಬರುವ ವಿದ್ಯೆಗಳಲ್ಲ. ಇದನ್ನು ಕಲಿತವರ ಮನೆಯ ಬೆಕ್ಕಿಗೆ ದೊಡ್ಡ ಲಾಭವೂ ಇದೆ: ಆರಂಭದಲ್ಲೇ ಸಕ್ಕರೆಯನ್ನು ಬಿಗಿಯಾಗಿ ಹತೋಟಿಗೆ ತಂದು, ಪಿಷ್ಟ ಕಡಿಮೆಯಿರುವ ಆಹಾರಕ್ಕೆ ಬದಲಾಯಿಸಿದರೆ ಕೆಲವು ಬೆಕ್ಕುಗಳು ಇನ್ಸುಲಿನ್ ಇಲ್ಲದೆಯೇ ಇರುವ ಸ್ಥಿತಿಗೆ ಮರಳುತ್ತವೆ. ನಾಯಿಗಳಲ್ಲಿ ಆ ಭಾಗ್ಯ ಅಪರೂಪ, ಏಕೆಂದರೆ ಅವುಗಳಲ್ಲಿ ಇನ್ಸುಲಿನ್ ಸ್ರವಿಸುವ ಜೀವಕೋಶಗಳೇ ಹೆಚ್ಚಾಗಿ ನಾಶವಾಗಿರುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣುನಾಯಿಗೆ ಬೆದೆಯ ನಂತರದ ಹಾರ್ಮೋನಿನಿಂದ ಬಂದ ಕಾಯಿಲೆಯಾದರೆ ಮಾತ್ರ, ಬೇಗ ಶಸ್ತ್ರಚಿಕಿತ್ಸೆ ಮಾಡಿದಾಗ ಹಿಮ್ಮೆಟ್ಟುವ ಸಾಧ್ಯತೆ ಇದೆ.

ನಾಯಿ ಎಂದಾಗ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೇದೋಜೀರಕ ಗ್ರಂಥಿಗೂ ಸಕ್ಕರೆ ಕಾಯಿಲೆಗೂ ಇರುವ ಸಂಬಂಧ 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ತಿಳಿದದ್ದು ನಾಯಿಗಳ ಮೇಲಿನ ಪ್ರಯೋಗದಿಂದ. 1921ರಲ್ಲಿ ಟೊರಾಂಟೊದಲ್ಲಿ ಸಂಶೋಧಕರಾದ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನಿನ ಬೆನ್ನು ಹತ್ತಿದ್ದೂ ನಾಯಿಗಳ ಮೂಲಕವೇ. ಆ ಋಣದ ಲೆಕ್ಕದಲ್ಲಿ ನೋಡಿದರೆ ಒಂದು ಅರ್ಧ ಗಂಟೆಯ ಕ್ಲಿನಿಕ್ ಬಹಳ ದೊಡ್ಡ ಉಪಕಾರವೇನಲ್ಲ.

ಇದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಗಂಭೀರವಾದದ್ದು ಒಂದೇ: ನರ್ಸ್ ಎಲ್ಲಿಗೆ ನಿಲ್ಲಬೇಕು? ಬ್ರಿಟನ್ನಿನಲ್ಲಿ ಇದಕ್ಕೆ ಕಾನೂನಿನ ಗೆರೆ ಇದೆ. 1966ರ ವೆಟರ್ನರಿ ಸರ್ಜನ್ಸ್ ಕಾಯ್ದೆಯ ಮೂರನೇ ಅನುಸೂಚಿಯ ಪ್ರಕಾರ ನೋಂದಾಯಿತ ನರ್ಸ್‌ಗಳು ಪಶುವೈದ್ಯರ ನಿರ್ದೇಶನದಲ್ಲಿ ವೈದ್ಯಕೀಯ ಚಿಕಿತ್ಸೆಯನ್ನೂ ಸಣ್ಣಪುಟ್ಟ ಶಸ್ತ್ರಚಿಕಿತ್ಸೆಯನ್ನೂ ಮಾಡಬಹುದು, ರೋಗನಿರ್ಣಯ ಮಾಡುವಂತಿಲ್ಲ. ಗೆರೆ ಸರಿಯಾದ ಕಡೆಯೇ ಇದೆ ಎಂಬುದು ನನ್ನ ಅನಿಸಿಕೆ. ಡೋಸ್ ಬದಲಾಯಿಸುವ ತೀರ್ಮಾನ ವೈದ್ಯರದ್ದಾಗಿಯೇ ಇರಲಿ. ಡೋಸ್ ಏರಿಸುತ್ತ ಹೋದರೂ ಹತೋಟಿಗೆ ಬಾರದ ಬೆಕ್ಕಿನಲ್ಲಿ ಅಕ್ರೊಮೆಗಾಲಿ (ಬೆಳವಣಿಗೆಯ ಹಾರ್ಮೋನು ಅತಿಯಾಗುವ ಕಾಯಿಲೆ), ನಾಯಿಯಲ್ಲಿ ಕುಶಿಂಗ್ ಕಾಯಿಲೆ (ಕಾರ್ಟಿಸಾಲ್ ಹಾರ್ಮೋನು ಅತಿಯಾಗುವುದು) ಅಡಗಿರಬಹುದು. ಅದನ್ನು ಹುಡುಕುವುದು ವೈದ್ಯರ ಕೆಲಸ. ಆದರೆ ‘ಈ ಮನೆಯಲ್ಲಿ ತಂತ್ರ ಸರಿಯಿದೆ, ಸಿರಿಂಜ್ ಸರಿಯಿದೆ, ಊಟದ ಹೊತ್ತು ಸರಿಯಿದೆ, ಆದರೂ ಸಕ್ಕರೆ ಇಳಿಯುತ್ತಿಲ್ಲ’ ಎಂದು ಖಾತ್ರಿಯಾಗಿ ಹೇಳುವವರು ಇದ್ದರೆ ತಾನೇ ವೈದ್ಯರು ಆ ದಿಕ್ಕಿನಲ್ಲಿ ಹುಡುಕಲು ಹೊರಡುವುದು? ‘ನರ್ಸ್ ಬಳಿ ಕಳಿಸಿದರೆ ವೈದ್ಯರ ಭೇಟಿಗಳು ಕಡಿಮೆಯಾಗಿ ಆದಾಯ ತಪ್ಪುತ್ತದೆ’ ಎಂಬ ಮಾತೂ ಕೇಳಿಬರುತ್ತದೆ. ಚಿಕಿತ್ಸೆಯನ್ನೇ ಕೈಬಿಟ್ಟ ಮನೆಯಿಂದ ಯಾವ ಆದಾಯವೂ ಬರುವುದಿಲ್ಲ ಎಂಬುದಷ್ಟೇ ಅದಕ್ಕೆ ನನ್ನ ಉತ್ತರ.

ಈಚೆಗೆ ಹೊಸ ವಾದವೊಂದು ಸೇರಿಕೊಂಡಿದೆ. ಬೆಕ್ಕುಗಳಿಗೆ ದಿನಕ್ಕೊಮ್ಮೆ ಬಾಯಿಯಲ್ಲಿ ಕೊಡುವ ಔಷಧಗಳು ಬಂದಿವೆ. ಅಮೆರಿಕದಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ 2022ರಲ್ಲಿ, ವೆಲಾಗ್ಲಿಫ್ಲೋಜಿನ್ ದ್ರಾವಣಕ್ಕೆ 2023ರಲ್ಲಿ ಅನುಮತಿ ಸಿಕ್ಕಿತು. ಸೂಜಿಯೇ ಇಲ್ಲವಾದ ಮೇಲೆ ಕ್ಲಿನಿಕ್ ಯಾತಕ್ಕೆ ಎಂಬುದು ವಾದ. ಈ ಔಷಧಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಆದರೆ ಇನ್ಸುಲಿನ್ ತೀರಾ ಕಡಿಮೆಯಿರುವ ಬೆಕ್ಕಿಗೆ ಕೊಟ್ಟರೆ, ರಕ್ತದ ಸಕ್ಕರೆ ಸರಿಯಾಗಿ ಕಾಣುತ್ತಿರುವಾಗಲೇ ಒಳಗೆ ಕೊಬ್ಬು ಕರಗಿದಾಗ ಹುಟ್ಟುವ ಆಮ್ಲೀಯ ವಸ್ತುವಾದ ಕೀಟೋನ್ ಏರಿ ಪ್ರಾಣಾಪಾಯವಾಗಬಹುದು. ಮೀಟರಿನ ಅಂಕಿ ಚೆನ್ನಾಗಿದೆ ಎಂದು ಮನೆಯವರು ನಿಶ್ಚಿಂತೆಯಾಗಿರುತ್ತಾರೆ, ಬೆಕ್ಕು ಊಟ ಬಿಟ್ಟು ಮಂಕಾಗಿ ಕುಳಿತಿರುತ್ತದೆ. ಯಾವ ಬೆಕ್ಕಿಗೆ ಈ ಔಷಧ ಸಲ್ಲದು, ಕೀಟೋನನ್ನು ಯಾವಾಗ ನೋಡಬೇಕು, ಊಟ ಬಿಟ್ಟರೆ ಎಷ್ಟು ಬೇಗ ಫೋನ್ ಮಾಡಬೇಕು ಎಂಬುದನ್ನು ಕುಳಿತು ತಿಳಿಸುವವರ ಅಗತ್ಯ ಇಲ್ಲಿ ಹೆಚ್ಚಾಯಿತೇ ಹೊರತು ತಪ್ಪಲಿಲ್ಲ.

ಹಾಗಾದರೆ ಆಸ್ಪತ್ರೆಗಳು ಏನು ಮಾಡಬೇಕು? ರೋಗ ಪತ್ತೆಯಾದ ದಿನವೇ ನರ್ಸ್ ಜೊತೆಗಿನ ಮೊದಲ ಭೇಟಿಯ ದಿನಾಂಕವನ್ನು ಔಷಧಿ ಚೀಟಿಯ ಜೊತೆಗೇ ಬರೆದುಕೊಡಬೇಕು, ‘ಬೇಕಿದ್ದರೆ ಬನ್ನಿ’ ಎಂದು ಬಿಡಬಾರದು. ಮೊದಲ ವಾರದಲ್ಲಿ ಅವರೇ ಒಮ್ಮೆ ಫೋನ್ ಮಾಡಬೇಕು, ಏಕೆಂದರೆ ಗೊಂದಲದಲ್ಲಿರುವವರು ತಾವಾಗಿ ಮಾಡುವುದಿಲ್ಲ. ಪ್ರತಿ ಭೇಟಿಯಲ್ಲೂ ಪ್ರಾಣಿಯ ತೂಕ ನೋಡಬೇಕು, ಮನೆಯವರು ಬರೆದಿಟ್ಟ ನೀರಿನ, ಊಟದ, ಡೋಸಿನ ದಿನಚರಿಯನ್ನು ನಿಜವಾಗಿಯೂ ಓದಬೇಕು. ಈ ಸಮಯಕ್ಕೆ ಶುಲ್ಕ ವಿಧಿಸುವುದಾದರೆ ವಿಧಿಸಲಿ, ಪುಕ್ಕಟೆ ಸೇವೆಯೇ ಮೊದಲು ರದ್ದಾಗುವುದು.

ಈಗಾಗಲೇ ಇಂಥ ಪ್ರಾಣಿಯನ್ನು ಸಾಕುತ್ತಿರುವವರು ಮುಂದಿನ ಭೇಟಿಗೆ ಕಾಯದೆ ಕೇಳಿ ತಿಳಿದುಕೊಳ್ಳಬೇಕಾದ ಎರಡು ವಿಷಯಗಳಿವೆ. ಊಟ ಬಿಟ್ಟ ಹೊತ್ತಿನಲ್ಲಿ ಇನ್ಸುಲಿನ್ ಕೊಡಬೇಕೇ, ಎಷ್ಟು ಕೊಡಬೇಕು ಎಂಬುದು ಒಂದು. ಸಕ್ಕರೆ ಕುಸಿದು ಪ್ರಾಣಿ ತೂರಾಡಿದರೆ, ನಡುಗಿದರೆ, ಫಿಟ್ಸ್ ಬಂದರೆ ಏನು ಮಾಡಬೇಕು ಎಂಬುದು ಇನ್ನೊಂದು. ಜೇನುತುಪ್ಪವನ್ನೋ ಗ್ಲೂಕೋಸ್ ಪಾಕವನ್ನೋ ವಸಡಿಗೆ ಸವರಿ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಬೇಕು, ಪ್ರಜ್ಞೆ ಇಲ್ಲದ ಪ್ರಾಣಿಯ ಗಂಟಲಿಗೆ ಏನನ್ನೂ ಸುರಿಯಬಾರದು ಎಂದು ನರ್ಸ್‌ಗಳು ಕಲಿಸುತ್ತಾರೆ. ಈ ಎರಡಕ್ಕೂ ನಿಮ್ಮ ಪ್ರಾಣಿಗೆ ಹೊಂದುವ ಉತ್ತರವನ್ನು ಬರೆಸಿಕೊಂಡು, ಇನ್ಸುಲಿನ್ ಇಡುವ ಫ್ರಿಜ್‌ನ ಬಾಗಿಲಿಗೆ ರಾತ್ರಿಯಲ್ಲಿ ಕರೆ ಸ್ವೀಕರಿಸುವ ಆಸ್ಪತ್ರೆಯ ನಂಬರಿನ ಜೊತೆ ಅಂಟಿಸಿಡಿ.