ಹಿಡಿದ ಬ್ರೇಕು ಬಿಡದ ಗಾಡಿ

ಮಳೆಗಾಲದ ನಾಲ್ಕು ತಿಂಗಳಲ್ಲಿ ನಮ್ಮ ಟಿಪ್ಪರ್ ಒಂದಿಂಚೂ ಜರುಗಲಿಲ್ಲ ಅನ್ನೋದು ನನಗೆ ಹೆಮ್ಮೆಯ ಸಂಗತಿಯಾಗಿತ್ತು. ಗೋವಾದ ವಾಸ್ಕೋದಲ್ಲಿ ನಾವಿರುವ ಬಾಡಿಗೆ ಮನೆ ಇಳಿಜಾರಿನಲ್ಲಿದೆ. ಕೆಳಗೆ ಓನರಮ್ಮನ ಬಾವಿ, ಬಾವಿಯ ಆಚೆ ಅವರ ಬಿಳಿ ಶಿಲುಬೆ. ಗಾಡಿ ಜಾರಿ ಯಾವುದಕ್ಕೆ ಗುದ್ದಿದರೂ ನಮ್ಮ ಗಂಟುಮೂಟೆ ಹುಬ್ಬಳ್ಳಿ ದಾರಿ ಹಿಡಿಯಬೇಕು. ಹಾಗಾಗಿ ದಿನಾ ರಾತ್ರಿ ಊಟವಾದ ಮೇಲೆ ಛತ್ರಿ ಹಿಡಿದು ಹೋಗಿ, ಕ್ಯಾಬಿನ್ ಹತ್ತಿ, ಹ್ಯಾಂಡ್‌ಬ್ರೇಕಿನ ಲಿವರ್ ಮುಟ್ಟಿ ನೋಡಿ ಬರುತ್ತಿದ್ದೆ. ದೇವರಿಗೆ ದೀಪ ಹಚ್ಚುವುದನ್ನು ಮರೆತಿದ್ದುಂಟು, ಇದನ್ನು ಮರೆತಿದ್ದಿಲ್ಲ.

ನಾನು ಲೆಕ್ಕ ಬರೆಯುವವನು. ಟಿಪ್ಪರಿಗೂ ನನಗೂ ಸಂಬಂಧ ತಂದವನು ನನ್ನ ಭಾವಮೈದುನ. ಗೋವಾದಲ್ಲಿ 2012ರ ಸೆಪ್ಟೆಂಬರಿನಲ್ಲಿ ಒಮ್ಮೆ, 2018ರ ಮಾರ್ಚಿನಲ್ಲಿ ಇನ್ನೊಮ್ಮೆ ಗಣಿ ನಿಂತಾಗ, ಕುಡಚಡೆ, ಸಾವರ್ಡೆ ಕಡೆ ಅದಿರು ಹೊರುತ್ತಿದ್ದ ಆರು ಚಕ್ರದ ಗಾಡಿಗಳು ತೆಂಗಿನಮರದ ಬುಡದಲ್ಲಿ ತುಕ್ಕು ತಿನ್ನುತ್ತಾ ನಿಂತಿದ್ದವು. ಅದರಲ್ಲೊಂದನ್ನು ಇವನು "ಪುಕ್ಕಟೆ ಸಿಕ್ಕಂಗ" ಅಂತ ತಂದ. ಚಿರೇಕಲ್ಲು ಹೊರೋಣ, ಆರು ತಿಂಗಳಲ್ಲಿ ದುಡ್ಡು ವಾಪಸ್ ಅಂದ. ಅವನ ಆರು ತಿಂಗಳು ಇನ್ನೂ ಶುರುವಾಗಿಲ್ಲ.

ಅಕ್ಟೋಬರಿನಲ್ಲಿ ಮಳೆ ನಿಂತಿತು. ಎಂಜಿನ್ ಶುರು ಮಾಡಿದೆ. ಬ್ರೇಕಿನ ಟ್ಯಾಂಕಿನಲ್ಲಿ ಗಾಳಿ ಕಡಿಮೆ ಅಂತ ಬಜರ್ ಕಿವಿ ಕಿತ್ತುಹೋಗುವಂತೆ ಕೂಗಿ, ಒತ್ತಡದ ಮುಳ್ಳು ನಿಧಾನಕ್ಕೆ ಏರಿ ಏಳು ಕೆಜಿಗೆ ಬಂತು. ಲಿವರ್ ಬಿಟ್ಟೆ, ಗೇರ್ ಹಾಕಿದೆ, ಕ್ಲಚ್ ಬಿಟ್ಟೆ. ಗಾಡಿಯ ಮೂತಿ ಮೇಲೆದ್ದಿತು, ಹಿಂಭಾಗ ಮಾತ್ರ ಕತ್ತೆ ಕಾಲೂರಿದಂತೆ ನಿಂತೇ ಇತ್ತು.

"ಬ್ರೇಕ್ ಬಿಡೋ ಮಾವಾ!" ಅಂತ ಭಾವಮೈದುನ ಹಿಂದಿನಿಂದ ಕೂಗಿದ.

"ಬಿಟ್ಟೇನಿ!"

"ಬಿಟ್ಟಿಲ್ಲ!"

ಎಂಜಿನ್ ಹೊಗೆ ಓನರಮ್ಮನ ಒಣಮೀನಿನ ಮೇಲೆ ಹಾದುಹೋಯಿತು. "ಕಿತೆಂ ಜಾಲೆಂ?" ಅಂತ ಅವರು ಹೊರಗೆ ಬಂದರು. ಏನಾಯ್ತು ಅಂತ ಹೇಳುವಷ್ಟು ನಮಗೆ ಗೊತ್ತಿದ್ದರೆ ಹೇಳುತ್ತಿದ್ದೆವು.

ಝುವಾರಿನಗರದಲ್ಲಿ ಗದಗ ಕಡೆಯ ಮಿಸ್ತ್ರಿಯೊಬ್ಬರಿದ್ದಾರೆ. ಗಾಡಿ ಅವರಲ್ಲಿಗೆ ಹೋಗುವ ಹಾಗಿಲ್ಲವಾದ್ದರಿಂದ ನಾನೇ ಹೋದೆ. ಕೇಳಿ ನಕ್ಕರು. "ಗಾಡಿ ನಿಂದ್ರವಲ್ದು ಅಂತ ಎಲ್ಲಾರೂ ಬರ್ತಾರ್ರಿ. ಹೋಗವಲ್ದು ಅಂತ ಬಂದವರು ನೀವ ಮೊದಲನೇದವ್ರು."

ಅಲ್ಲೇ ನನಗೆ ಪಾಠವಾಯಿತು. ಹಿಂದಿನ ಚಕ್ರಗಳ ಹತ್ತಿರ ಡಬ್ಬದಂಥದ್ದೊಂದಿದೆಯಲ್ಲ, ಅದರೊಳಗೆ ದಪ್ಪ ಸ್ಪ್ರಿಂಗು. ಅದಕ್ಕೆ ಸದಾ ಬ್ರೇಕ್ ಹಿಡಿಯುವುದೇ ಕೆಲಸ. ಗಾಳಿ ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಗಾಡಿ ಓಡುತ್ತದೆ, ಗಾಳಿ ಹೋಯಿತೋ ಸ್ಪ್ರಿಂಗ್ ತಾನೇ ಹಿಡಿದುಕೊಳ್ಳುತ್ತದೆ. ಗಾಳಿ ಹೋದರೆ ಬ್ರೇಕ್ ಬೀಳಬೇಕು ಅನ್ನೋ ಯುಕ್ತಿಯನ್ನು ಜಾರ್ಜ್ ವೆಸ್ಟಿಂಗ್‌ಹೌಸ್ 1872ರಷ್ಟು ಹಿಂದೆಯೇ ರೈಲಿಗೆ ಬೇರೆ ರೀತಿಯಲ್ಲಿ ಅಳವಡಿಸಿದ್ದ. ನಾನು ಇಷ್ಟು ದಿನ ಬ್ರೇಕ್ ಅಂದರೆ ಗಾಳಿಯೇ ಹಿಡಿಯುತ್ತದೆ ಅಂದುಕೊಂಡಿದ್ದೆ. ಪಾರ್ಕಿಂಗಿನ ಮಟ್ಟಿಗೆ ಗಾಳಿ ಮಾಡುವುದು ಬಿಡಿಸುವ ಕೆಲಸ.

"ಅಂದ್ರ ನೀವು ಲಿವರ್ ಎಳದ್ರೂ ಅಷ್ಟ, ಬಿಟ್ರೂ ಅಷ್ಟ. ನಾಕ್ ದಿನದಾಗ ಗಾಳಿ ಸೋರಿ ಅದು ತಾನ ಹಿಡೀತೈತಿ. ನಾಕ್ ತಿಂಗಳು ಛತ್ರಿ ಹಿಡಕೊಂಡು ಏನ್ ನೋಡ್ತಿದ್ರಿ?"

ನನ್ನ ಬಳಿ ಉತ್ತರವಿರಲಿಲ್ಲ. ಮೇಲೆ ನೋಡಿದೆ. ತಗಡಿನ ಮಾಡಿನಲ್ಲಿ ತಟ್ಟೆಯಷ್ಟಗಲದ ತೂತು, ಅದರಿಂದ ಬಿದ್ದ ಬಿಸಿಲು ಸರಿಯಾಗಿ ಅವರ ಚಹಾ ಗ್ಲಾಸಿನ ಮೇಲೆ. ಆ ಡಬ್ಬದ ಸ್ಪ್ರಿಂಗನ್ನು ಕಟ್ಟಿಹಾಕದೆ ಯಾರೋ ಹುಡುಗ ಸುತ್ತಲಿನ ಪಟ್ಟಿ ಬಿಚ್ಚಿದ್ದನಂತೆ. ಮುಚ್ಚಳ ಆ ದಾರಿಯಲ್ಲಿ ಹೋಯಿತು. ಹುಡುಗ ಪಕ್ಕಕ್ಕೆ ಬಾಗಿದ್ದರಿಂದ ಉಳಿದ. "ತೂತು ಮುಚ್ಚಿಲ್ರಿ, ಹೊಸಾ ಹುಡುಗ್ರಿಗೆ ತೋರಸಾಕ ಬೇಕು."

ಮರುದಿನ ಬಂದವರು ಮೊದಲು ಚಕ್ರಗಳಿಗೆ ಕಲ್ಲು ಕೊಟ್ಟರು. ಆಮೇಲೆ ಡಬ್ಬದ ಹಿಂದಿನ ತೂತಿನಲ್ಲಿ ಉದ್ದದ ಬೋಲ್ಟ್ ತೂರಿಸಿ, ತಿರುಗಿಸಿ, ನಟ್ ಬಿಗಿದು ಸ್ಪ್ರಿಂಗನ್ನು ಕಟ್ಟಿಹಾಕಿದರು. ಆದರೂ ಚಕ್ರ ಬಿಡಲಿಲ್ಲ! ಜೋಡಿ ಟೈರು ಬಿಚ್ಚಿ, ಡ್ರಮ್ಮಿಗೆ ಘನದಿಂದ ಸುತ್ತಲೂ ಬಡಿದರು. ಢಣ್, ಢಣ್ ಸದ್ದಿಗೆ ಪಾವ್ ಮಾರುವವನು ಸೈಕಲ್ ನಿಲ್ಲಿಸಿ ನಿಂತ. ಹತ್ತು ನಿಮಿಷಕ್ಕೆ ಡ್ರಮ್ ಕಳಚಿ ಬಂತು, ಜೊತೆಗೆ ಲೈನಿಂಗೂ, ಅಂದರೆ ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪದರವೂ, ಬಂತು. ಅದು ಇರಬೇಕಾದದ್ದು ಬ್ರೇಕ್ ಶೂ ಮೇಲೆ. ವಾಸ್ಕೋದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಸ್ಪ್ರಿಂಗಿನ ಅಪ್ಪುಗೆ ಮೂರೂ ಸೇರಿ ಅದನ್ನು ಡ್ರಮ್ಮಿಗೆ ತುಕ್ಕಿನಿಂದ ಬೆಸೆದುಬಿಟ್ಟಿದ್ದವು. ರಿವೆಟ್ಟುಗಳು ಮಾತ್ರ ಶೂ ಮೇಲೆ ಹಾಲುಹಲ್ಲಿನಂತೆ ಉಳಿದಿದ್ದವು.

ಭಾವಮೈದುನ ಡ್ರಮ್ಮಿನ ಧೂಳು ಊದಲು ತುಟಿ ಚೂಪು ಮಾಡಿದ. ಮಿಸ್ತ್ರಿ ಅವನ ಬಾಯಿಗೇ ಕೈ ಹಿಡಿದರು. ಹಳೇ ಲೈನಿಂಗುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಅವನನ್ನು ಯಾರಾದರೂ ಬಾಯಿ ಮುಚ್ಚಿಸಿದ್ದು ನಾನು ಕಂಡಂತೆ ಅದೇ ಮೊದಲು.

ಗಾಳಿ ಟ್ಯಾಂಕಿನ ಕೆಳಗಿನ ಕಾಕ್ ತಿರುಗಿಸಲು ಹೇಳಿದರು. ಅಂಥದ್ದೊಂದಿದೆ ಅಂತಲೇ ನನಗೆ ತಿಳಿದಿರಲಿಲ್ಲ. ಕಂಪ್ರೆಸರ್ ಎಳೆದುಕೊಂಡ ಗೋವಾದ ತೇವವೆಲ್ಲ ಎಣ್ಣೆಯ ಜೊತೆ ಕಲೆತು, ಹಾಲು ಹೆಚ್ಚು ಹಾಕಿದ ಬೆಲ್ಲದ ಚಹಾದಂತೆ ನನ್ನ ಬಿಳಿ ಅಂಗಿಯ ಮೇಲೆ ಸುರಿಯಿತು. ಸೋರಿಕೆ ನೋಡಲು ಸೋಪಿನ ನೀರು ಬೇಕೆಂದಾಗ ಅವಸರದಲ್ಲಿ ಹೆಂಡತಿಯ ಶಾಂಪೂ ತಂದೆ. ಪೈಪಿನ ಒಂದು ಜೋಡಣೆಯಲ್ಲಿ ಗುಳ್ಳೆ ಎದ್ದವು, ಮನೆಯೊಳಗೆ ಬೇರೆ ಕಡೆ ಎದ್ದವು.

ಹೊಸ ಲೈನಿಂಗನ್ನು ಎರಡೂ ಕಡೆಗೆ ಹಾಕಿದರು. ಒಂದೇ ಕಡೆ ಹಾಕಿದರೆ ಗಾಡಿ ಓರೆಗೆ ಎಳೆಯುತ್ತದಂತೆ. ಬ್ರೇಕಿನ ಸಡಿಲು ಸರಿಪಡಿಸುವ ಬಲಗಡೆಯ ಸ್ಲ್ಯಾಕ್ ಅಡ್ಜಸ್ಟರ್ ನಾನು ಬಿಗಿಯುತ್ತೇನೆ ಅಂತ ಒಳಗೆ ನುಗ್ಗಿದೆ. ಶೂ ಡ್ರಮ್ಮಿಗೆ ತಾಗುವವರೆಗೆ ತಿರುಗಿಸಿ, ಸ್ವಲ್ಪ ಹಿಂದಕ್ಕೆ ಬಿಡಬೇಕು, ಅಷ್ಟೇ. ನಾನು ತಿರುಗಿಸಿಯೇ ತಿರುಗಿಸಿದೆ, ತಾಗಲೇ ಇಲ್ಲ. ಮಿಸ್ತ್ರಿ ಒಂದು ಮಾತೂ ಆಡದೆ ಡಬ್ಬದಿಂದ ಹೊರಬರುವ ರಾಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಭಾವಮೈದುನನಿಗೆ ಪೆಡಲ್ ತುಳಿಯಲು ಹೇಳಿದರು. ಆ ಡಬ್ಬಕ್ಕೆ ರಾಡು ಎರಡಿಂಚಿಗಿಂತ ಹೆಚ್ಚು ಹೊರಗೆ ಬರಬಾರದು. ನನ್ನದು ಡಬ್ಬದಲ್ಲಿದ್ದಷ್ಟೂ ಹೊರಗೆ ಬಂತು.

"ಸಾಹೇಬ್ರ, ನೀವು ಬಿಚ್ಚಾಕತ್ತೀರಿ."

ಸಂಜೆ ಗಾಡಿ ಹೊರಟಿತು, ನಿಂತಿತು, ಮತ್ತೆ ಹೊರಟಿತು. ಹೋಗುವಾಗ ಮಿಸ್ತ್ರಿ ಆ ಎರಡು ಉದ್ದ ಬೋಲ್ಟುಗಳನ್ನು ನನ್ನ ಕೈಗೆ ಕೊಟ್ಟರು. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಇಳಿಜಾರು ಬೇಡ, ಸಪಾಟು ಜಾಗ ನೋಡಿ ಗೇರಿನಲ್ಲಿಡಿ, ಚಕ್ರಗಳಿಗೆ ಕಲ್ಲು ಕೊಡಿ, ಆಮೇಲೆ ಬೋಲ್ಟ್ ಹಾಕಿ ಸ್ಪ್ರಿಂಗ್ ಕಟ್ಟಿ ಅಂದರು.

ಕೆಲಸ ಸಿಗುವುದು ತಡವಾದ್ದರಿಂದ ಗಾಡಿ ಈಗ ರಸ್ತೆಯಾಚೆಯ ಸಪಾಟು ಜಾಗದಲ್ಲಿ ನಿಂತಿದೆ. ಬೋಲ್ಟ್ ಹಾಕಿದ್ದೇನೆ. ಹಿಂದೆ ಎರಡು, ಮುಂದೆ ಎರಡು ಚಿರೇಕಲ್ಲು ಇಟ್ಟಿದ್ದೇನೆ. ಈ ಸಲ ಕಾವಲಿಗೆ ಅರ್ಥವಿದೆ ಅಂತ ದಿನಾ ರಾತ್ರಿ ಟಾರ್ಚ್ ಹಿಡಿದು ಕಲ್ಲು ಎಣಿಸಿ ಬರುತ್ತೇನೆ.

ಮೊನ್ನೆ ಬೆಳಿಗ್ಗೆ ನೋಡಿದರೆ ಮೂರೇ ಇದ್ದವು. ನಾಲ್ಕನೆಯದರ ಮೇಲೆ ಓನರಮ್ಮ ಕೂತು ಬಾವಿಯ ಹತ್ತಿರ ಬಂಗಡೆ ಕೊಯ್ಯುತ್ತಿದ್ದರು.