ಬಾಡಿಗೆ ಖಾತೆ ಕೊಟ್ಟವನಿಗೂ ವಂಚಕನಷ್ಟೇ ಶಿಕ್ಷೆಯೇ?

ಪರ

ಪೊಲೀಸರ ಸೋಗಿನಲ್ಲಿ ಕರೆ ಮಾಡಿ, 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ನಿವೃತ್ತರೊಬ್ಬರಿಂದ ಹತ್ತು ಲಕ್ಷ ಹಾಕಿಸಿಕೊಂಡರು ಅನ್ನಿ. ಆ ದುಡ್ಡು ಮೊದಲು ಬೀಳುವುದು ಯಾರೋ ಬಾಡಿಗೆಗೆ ಕೊಟ್ಟ ಖಾತೆಗೆ. ಕೆಲವೇ ನಿಮಿಷದಲ್ಲಿ ಅದು ನಾಲ್ಕಾರು ಖಾತೆಗೆ ಹರಿದು, ಅಲ್ಲಿಂದ ಇನ್ನಷ್ಟು ಖಾತೆಗೆ ಒಡೆದು, ಕೊನೆಗೆ ಎಟಿಎಂನಲ್ಲಿ ನಗದಾಗುತ್ತದೆ, ಇಲ್ಲವೇ ಯುಎಸ್‌ಡಿಟಿ ಎಂಬ ಕ್ರಿಪ್ಟೋ ನಾಣ್ಯವಾಗುತ್ತದೆ. ಗಾಬರಿಯಿಂದ ಸಾವರಿಸಿಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವಷ್ಟರಲ್ಲಿ ಮೊದಲ ಖಾತೆಯಲ್ಲಿ ಉಳಿದಿರುವುದು ಚಿಲ್ಲರೆ. ಖಾತೆ ಇಲ್ಲದೆ ಈ ವಂಚನೆ ನಡೆಯುವುದೇ ಇಲ್ಲ.

'ಏನೂ ಗೊತ್ತಿರಲಿಲ್ಲ' ಅನ್ನುತ್ತಾರೆ ಖಾತೆ ಕೊಟ್ಟವರು. ಕೊಟ್ಟಿದ್ದೇನು ನೋಡಿ: ಪಾಸ್‌ಬುಕ್ಕು, ಸಹಿ ಹಾಕಿದ ಖಾಲಿ ಚೆಕ್ಕು, ಪಿನ್ ಸಮೇತ ಎಟಿಎಂ ಕಾರ್ಡು, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡು, ಒಟಿಪಿ ಬರುವ ಸಿಮ್ಮು. ದಂಧೆಯವರ ಬಾಯಲ್ಲಿ ಇದು 'ಕಿಟ್'. ಕಮಿಷನ್ ಎಣಿಸಿಕೊಂಡು ಸಿಮ್ಮನ್ನೂ ಬಿಚ್ಚಿಕೊಟ್ಟವನು ಪಾಪದವನೇ? ಭಾರತೀಯ ನ್ಯಾಯ ಸಂಹಿತೆಯ 45ನೇ ಕಲಂ ನೆರವನ್ನೂ ದುಷ್ಪ್ರೇರಣೆ (ಅಪರಾಧಕ್ಕೆ ಕುಮ್ಮಕ್ಕು) ಎನ್ನುತ್ತದೆ. ಆ ನೆರವಿನಿಂದ ಅಪರಾಧ ನಡೆದುಹೋದರೆ ಮೂಲ ಅಪರಾಧಕ್ಕಿರುವ ಶಿಕ್ಷೆಯೇ ನೆರವಾದವನಿಗೂ, 49ನೇ ಕಲಮಿನ ಪ್ರಕಾರ. ವಂಚಿಸಿ ಹಣ ಪಡೆದರೆ 318(4)ರಡಿ ಏಳು ವರ್ಷದವರೆಗೆ ಸಜೆ. ಹಾಗಿದ್ದಮೇಲೆ ರಿಯಾಯಿತಿ ಯಾಕೆ? ಕಿಟ್ ಸಿಗದಂತೆ ಮಾಡಿ, ಕಾಂಬೋಡಿಯಾದಲ್ಲಿ ಕೂತ ವಂಚಕ ದಿನವಿಡೀ ಫೋನ್ ಮಾಡಿದರೂ ದುಡ್ಡು ಹಾಕಿಸಿಕೊಳ್ಳಲು ಅವನಿಗೆ ಜಾಗವೇ ಇರುವುದಿಲ್ಲ.

ವಿರೋಧ

ಕಿಟ್ ಮಾರಿದವನನ್ನು ಬಿಟ್ಟುಬಿಡಿ ಎಂದು ನಾನೂ ಹೇಳಲಾರೆ. ಆದರೆ 45ನೇ ಕಲಮಿನಲ್ಲಿ ನೆರವಿನ ಜೊತೆಗೇ 'ಉದ್ದೇಶಪೂರ್ವಕ' ಎಂಬ ಪದವೂ ಇದೆ, ಅದನ್ನು ಹಾರಿಸಿ ಓದುವಂತಿಲ್ಲ. ಸಂಶಯ ಬರಬೇಕಿತ್ತು ಎನ್ನುವುದು ಬೇರೆ, ವಂಚನೆಗೆಂದೇ ಕೊಟ್ಟ ಎನ್ನುವುದು ಬೇರೆ. ಮೊದಲನೆಯದಕ್ಕೆ 317ನೇ ಕಲಂ ಇದೆ. ಈ ಸಂಹಿತೆ ಜಾರಿಯಾದ 2024ರ ಜುಲೈ 1ರಿಂದ, ವಂಚಿಸಿ ಪಡೆದ ಸ್ವತ್ತೂ 'ಕದ್ದ ಸ್ವತ್ತು'. ಹಾಗೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಇಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಸಜೆ.

ತನಿಖೆಯಲ್ಲಿ ಮೊದಲು ಕೈಗೆ ಸಿಗುವುದು ಬ್ಯಾಂಕಿನ ಕೆವೈಸಿ ದಾಖಲೆಯಲ್ಲಿ ಹೆಸರಿರುವವನು. ಅಲ್ಲಿಗೇ ನಿಲ್ಲಿಸಿದರೆ ಕಿಟ್ ಸಂಗ್ರಹಿಸಿದ ಏಜೆಂಟ್ ಹಾಯಾಗಿರುತ್ತಾನೆ. ಲಾಗಿನ್ ಆದ ಐಪಿ ವಿಳಾಸ, ಸಿಮ್ ಕೂತಿದ್ದ ಮೊಬೈಲಿನ ಗುರುತು ಸಂಖ್ಯೆ ಐಎಂಇಐ, ಎಟಿಎಂ ಕ್ಯಾಮೆರಾದ ಮುಖ, ಇವನ್ನು ನೋಡಿದ ಮೇಲೆಯೇ ಯಾರ ಪಾಲೆಷ್ಟು ಎಂದು ಹೇಳಲಾಗುವುದು. ಗ್ರಾಹಕ ಯುಪಿಐನಲ್ಲಿ ಕೊಟ್ಟ ಇನ್ನೂರು ರೂಪಾಯಿಗೆ ವಂಚನೆಯ ಹಣದ ಎಳೆ ತಾಗಿದೆ ಎಂದು ಅಂಗಡಿಯವನ ಇಡೀ ಖಾತೆ ಫ್ರೀಜ್ ಆಗುವುದೂ ಉಂಟು. ಪೊಲೀಸರ ಪಟ್ಟಿಯಲ್ಲಿ ಅವನ ಖಾತೆ ಸಂಖ್ಯೆಯೂ ಕಿಟ್ ಮಾರಿದವನ ಕೆಳಗೇ ಇರುತ್ತದೆ.