ಚೆಕ್‌ಡಿಸ್ಕ್ ಮೊದಲು ಬೇಡ

ಕೆಟ್ಟ ಹಾರ್ಡ್ ಡಿಸ್ಕಿನಿಂದ ಫೈಲು ಉಳಿಸಿಕೊಳ್ಳುವ ಬಗೆಗಿನ ಲೇಖನದಲ್ಲಿ, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದ ಕೂಡಲೇ ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕುವ ವಿಂಡೋಸ್ ಆಜ್ಞೆ) ಓಡಿಸಿ ಎಂದಿದೆ. ದಯವಿಟ್ಟು ಆ ಸಾಲು ತಿದ್ದಿ. ದೋಷ ಸರಿಪಡಿಸು ಎನ್ನುವ /ಎಫ್ ಆಯ್ಕೆ ಕೊಟ್ಟರೆ ಅದು ಕೆಟ್ಟ ಡಿಸ್ಕಿನ ಮೇಲೆಯೇ ಬರೆಯುತ್ತದೆ. ಫೈಲುಗಳ ಹೆಸರು, ಫೋಲ್ಡರುಗಳು ಹೋಗಿ ಬರೀ ಚೂರುಗಳು ಉಳಿಯಬಹುದು. ಮೊದಲು ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆ ನೇರ ಓಡುವ ಲಿನಕ್ಸ್) ಬೂಟ್ ಮಾಡಿ, ಡಿಸ್ಕನ್ನು ಮೌಂಟ್ ಮಾಡದೆ (ಅಂದರೆ ಅದರ ಫೈಲುಗಳನ್ನು ತೆರೆಯದೆ), ಕೆಟ್ಟ ಡಿಸ್ಕನ್ನು ನಕಲು ಮಾಡುವ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಇಡೀ ಡಿಸ್ಕಿನ ಇಮೇಜನ್ನು, ಅಂದರೆ ಯಥಾಪ್ರತಿಯನ್ನು, ಅದಕ್ಕಿಂತ ದೊಡ್ಡ ಡಿಸ್ಕಿಗೆ ತೆಗೆಯಬೇಕು. ಎಲ್ಲಿವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲಿನ ಹೆಸರು ಕೊಡಲೇಬೇಕು, ಆಗ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಯುತ್ತದೆ. ರಿಪೇರಿ ಏನಿದ್ದರೂ ಆ ಇಮೇಜಿನ ನಕಲಿನ ಮೇಲೆ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಇದೂ ಬೇಡ, ತಕ್ಷಣ ಕರೆಂಟ್ ತೆಗೆಯಿರಿ. ಅಂದಹಾಗೆ, ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಗೂಢಲಿಪೀಕರಣ) ಇದ್ದರೆ 48 ಅಂಕಿಗಳ ರಿಕವರಿ ಕೀ ಮೊದಲೇ ಹುಡುಕಿಟ್ಟುಕೊಳ್ಳಿ. ಅದಿಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಇಮೇಜ್ ಸಾಮಾನ್ಯವಾಗಿ ತೆರೆಯುವುದಿಲ್ಲ.